ಕಿಟಕಿ ತೆರೆದವರು ದೊಡ್ಡವರೇ

ವ್ಯಾಂಪೈರ್ ಕಥೆಗಳ ಮಾತೆತ್ತಿದರೆ ಸಾಹಿತ್ಯ ಬಲ್ಲವರು ಮೂಗು ಮುರಿಯುವ ರೀತಿ ಒಂದೇ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದ ಕಾಲದಲ್ಲಿ ಅದಕ್ಕೊಂದು ತೂಕವಿತ್ತಂತೆ. ಪಾಳುಕೋಟೆ, ಮುದಿ ಜಮೀನ್ದಾರ, ಪಾಪ, ಸಾವು ಎಲ್ಲ ಇದ್ದವಂತೆ. ಅಮೆರಿಕದ ಹೈಸ್ಕೂಲು ಹುಡುಗರ ಕೈಗೆ ಸಿಕ್ಕ ಮೇಲೆ ಡ್ಯಾನ್ಸು ಪಾರ್ಟಿ, ಮುನಿಸು, ಕಣ್ಣೀರು ಎಂದು ನೀರುನೀರಾಯಿತಂತೆ. ಇದೇ ಮಾತು ಮನೆಗಳಲ್ಲಿ ಬೇರೆ ಬಗೆಯಾಗಿ ಕೇಳಿಸುತ್ತದೆ: ಹದಿನಾಲ್ಕು ಹದಿನೈದರ ಮಕ್ಕಳ ಕೈಗೆ ಇಂಥ ಪುಸ್ತಕ ಕೊಡಬೇಡಿ, ತಲೆ ಕೆಡುತ್ತದೆ. ಹರೆಯದವರಿಂದ ಕಥೆ ಕೆಟ್ಟಿತು ಎನ್ನುವುದು ಒಂದು ಪಕ್ಷ, ಕಥೆಯಿಂದ ಹರೆಯದವರು ಕೆಡುತ್ತಾರೆ ಎನ್ನುವುದು ಇನ್ನೊಂದು. ಎರಡೂ ಪಕ್ಷದವರು ಆ ಕಥೆಗಳನ್ನು ಕೂತು ಓದಿದ ಹಾಗೆ ಕಾಣುವುದಿಲ್ಲ.

ಹುಟ್ಟಿನಿಂದಲೇ ಶುರುಮಾಡೋಣ. 1816ರ ಜೂನ್. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಉಗುಳಿದ ಬೂದಿ ಯುರೋಪಿನ ಬೇಸಿಗೆಯನ್ನು ನುಂಗಿಹಾಕಿತ್ತು. ಜಿನೀವಾ ಸರೋವರದ ದಂಡೆಯ ವಿಲಾ ಡಿಯೊಡಾಟಿ ಎಂಬ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಐವರು ದೆವ್ವದ ಕಥೆ ಓದಿ ಓದಿ, ಕೊನೆಗೆ ನಾವೇ ಬರೆಯೋಣ ಎಂದು ಪಂಥ ಕಟ್ಟಿಕೊಂಡರು. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನು ಕವಿ ಲಾರ್ಡ್ ಬೈರನ್, ಅವನಿಗೆ 28. ಇನ್ನೊಬ್ಬ ಕವಿ ಶೆಲ್ಲಿಗೆ 23. ಬೈರನ್ನನ ಜೊತೆಗಿದ್ದ ವೈದ್ಯ ಜಾನ್ ಪೊಲಿಡೊರಿಗೆ 20. ಮೇರಿ ಗಾಡ್ವಿನ್ ಮತ್ತು ಅವಳ ಮಲತಂಗಿ ಕ್ಲೇರ್, ಇಬ್ಬರಿಗೂ 18. ಇವತ್ತಾಗಿದ್ದರೆ ಇದನ್ನು ಕಾಲೇಜು ಹುಡುಗರ ಟ್ರಿಪ್ಪು ಎನ್ನುತ್ತಿದ್ದೆವು, ಮನೆಯವರು ಗಂಟೆಗೊಂದು ಸಲ ಫೋನು ಮಾಡುತ್ತಿದ್ದರು. ಮೇರಿ ಅಲ್ಲಿ ‘ಫ್ರಾಂಕನ್‌ಸ್ಟೈನ್’ ಹಿಡಿದಳು. ಬೈರನ್ ಗೀಚಿ ಬಿಟ್ಟಿದ್ದ ತುಣುಕೊಂದನ್ನು ಎತ್ತಿಕೊಂಡು ಪೊಲಿಡೊರಿ ಬೆಳೆಸಿದ ‘ದಿ ವ್ಯಾಂಪೈರ್’ 1819ರಲ್ಲಿ ಅಚ್ಚಾಯಿತು, ಅದೂ ಬೈರನ್ನನ ಹೆಸರು ಹೊತ್ತು. ‘ಡ್ರಾಕುಲಾ’ ಬರುವುದಕ್ಕೆ ಇನ್ನೂ 78 ವರ್ಷ ಇತ್ತು.

ಆ ಕಥೆಯಲ್ಲಿರುವುದು ಏನು? ತಂದೆತಾಯಿ ಇಲ್ಲದ ಆಬ್ರಿ ಎಂಬ ಯುವಕ, ಲಂಡನ್ನಿಗೆ ಹೊಸದಾಗಿ ಬಂದ ಲಾರ್ಡ್ ರುತ್ವೆನ್ ಎಂಬುವನ ಗೆಳೆತನ ಕಟ್ಟಿಕೊಂಡು ದೇಶ ಸುತ್ತಲು ಹೊರಡುತ್ತಾನೆ. ಗ್ರೀಸಿನ ದಾರಿಯಲ್ಲಿ ಗುಂಡೇಟು ತಿಂದ ರುತ್ವೆನ್ ಸಾಯುವ ಮುಂಚೆ ಆಣೆ ಹಾಕಿಸಿಕೊಳ್ಳುತ್ತಾನೆ: ಒಂದು ವರ್ಷ ಒಂದು ದಿನ ನನ್ನ ವಿಷಯ ಯಾರಿಗೂ ಬಾಯಿಬಿಡಬಾರದು. ಆಬ್ರಿ ಊರಿಗೆ ಮರಳಿದರೆ ಸತ್ತವನು ಎದುರಿಗೆ ನಿಂತಿದ್ದಾನೆ. ಸಾಲದ್ದಕ್ಕೆ ಆಬ್ರಿಯ 18ರ ತಂಗಿಯನ್ನೇ ಮದುವೆಯಾಗಲು ಹೊರಟಿದ್ದಾನೆ. ಅಣ್ಣ ತಡೆಯಲು ಒದ್ದಾಡಿದರೆ ಪೋಷಕರು ಏನು ಮಾಡುತ್ತಾರೆ? ಹುಡುಗನಿಗೆ ಬುದ್ಧಿಭ್ರಮಣೆ ಎಂದು ವೈದ್ಯನನ್ನು ಕರೆಸಿ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಗಡುವು ಮುಗಿದು, ಅವನು ಎಲ್ಲ ಹೇಳಿ, ಪೋಷಕರು ಎದ್ದುಬಿದ್ದು ಓಡಿ ತಲುಪುವಷ್ಟರಲ್ಲಿ ತಂಗಿಯ ಕಥೆ ಮುಗಿದಿದೆ.

ಒಬ್ಬ ಗೆಳೆಯ, ಒಂದು ಗುಟ್ಟು, ನಂಬದ ಹಿರಿಯರು. ಇಂದಿನ ಹೈಸ್ಕೂಲು ವ್ಯಾಂಪೈರ್ ಕಥೆಗಳ ಸಾಮಾನೆಲ್ಲ ಅಲ್ಲೇ ಇದೆ.

‘ಡ್ರಾಕುಲಾ’ಕ್ಕಿಂತ 25 ವರ್ಷ ಹಳೆಯದಾದ ‘ಕಾರ್ಮಿಲ್ಲಾ’ ಇನ್ನೂ ಸ್ಪಷ್ಟ. ಐರ್ಲೆಂಡಿನ ಶೆರಿಡನ್ ಲ ಫಾನು 1872ರ ತನ್ನ ಸಂಕಲನದಲ್ಲಿ ಸೇರಿಸಿದ ಈ ಕಥೆಯ ಲಾರಾ 19ರ ಹುಡುಗಿ. ಆಸ್ಟ್ರಿಯಾದ ಸ್ಟೈರಿಯಾ ಸೀಮೆಯಲ್ಲಿ, ಕಾಡಿನ ನಡುವಿನ ಕೋಟೆಯಲ್ಲಿ ಅಪ್ಪನ ಜೊತೆ ಇದ್ದಾಳೆ. ಅವಳಿಗೆ ಬೇಕಾಗಿರುವುದು ಓರಗೆಯ ಒಬ್ಬ ಗೆಳತಿ, ಅಷ್ಟೆ. ಬರಬೇಕಾಗಿದ್ದ ಬರ್ತಾ ತೀರಿಕೊಂಡಳೆಂದು ಕಾಗದ ಬಂದ ಸಂಜೆಯೇ ಮನೆಯ ಮುಂದೆ ಗಾಡಿಯೊಂದು ಮಗುಚಿ ಕಾರ್ಮಿಲ್ಲಾ ಒಳಗೆ ಬರುತ್ತಾಳೆ. ಲಾರಾ ದಿನೇ ದಿನೇ ಸೊರಗುತ್ತಾಳೆ. ವೈದ್ಯ ಬಂದು ಕೊರಳ ಕೆಳಗಿನ ಸಣ್ಣ ನೀಲಿ ಕಲೆ ನೋಡಿ ಅಪ್ಪನನ್ನು ಪಕ್ಕಕ್ಕೆ ಕರೆದು ಏನೋ ಹೇಳುತ್ತಾನೆ. ಏನಪ್ಪಾ ಎಂದು ಮಗಳು ಕೇಳಿದರೆ, ಅಪ್ಪ ಈಗ ಏನೂ ಕೇಳಬೇಡ ಎಂದು ಬಾಯಿ ಮುಚ್ಚಿಸುತ್ತಾನೆ. ಅವಳ ರಕ್ತ, ಅವಳ ಕೊರಳು, ಅವಳ ಗೆಳತಿ. ಸುದ್ದಿ ಮಾತ್ರ ಅಪ್ಪನಿಗೆ.

ಇನ್ನು ಎಲ್ಲರೂ ಆಣೆಯಿಟ್ಟು ಹೊಗಳುವ 1897ರ ‘ಡ್ರಾಕುಲಾ’. ಅದರ ನಡುಭಾಗವನ್ನು ಹೊತ್ತು ನಿಲ್ಲಿಸಿರುವುದು ಇಬ್ಬರು ಗೆಳತಿಯರ ಕಾಗದಗಳು. ಲೂಸಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಒಂದೇ ದಿನ ಮೂವರು ಅವಳನ್ನು ಮದುವೆಗೆ ಕೇಳಿದ್ದನ್ನು ಗೆಳತಿ ಮೀನಾಗೆ ಬರೆಯುವ ರೀತಿ ನೋಡಿದರೆ, ಹಾಸ್ಟೆಲ್ಲಿನ ಹರಟೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಡ್ರಾಕುಲಾ ಅವಳ ಬೆನ್ನು ಹತ್ತಿದ ಮೇಲೆ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಕೋಣೆಗೆಲ್ಲ ಬೆಳ್ಳುಳ್ಳಿ ಹೂ ಕಟ್ಟಿಸುತ್ತಾನೆ, ಕಿಟಕಿ ಭದ್ರ ಮಾಡಿಸುತ್ತಾನೆ. ಏಕೆ ಎಂದು ಮಾತ್ರ ಲೂಸಿಗೂ ಹೇಳುವುದಿಲ್ಲ, ಅವಳ ತಾಯಿಗೂ ಹೇಳುವುದಿಲ್ಲ. ರಾತ್ರಿ ತಾಯಿ ಬಂದು ನೋಡುತ್ತಾಳೆ. ಗಾಳಿಯಾಡದ ಕೋಣೆ, ಘಾಟು ಬೇರೆ. ಪಾಪ ಮಗು ಎಂದು ಹೂವನ್ನೆಲ್ಲ ಎತ್ತಿ ಆಚೆ ಹಾಕಿ, ಒಂದಿಷ್ಟು ಗಾಳಿ ಬರಲೆಂದು ಕಿಟಕಿ ತೆರೆಯುತ್ತಾಳೆ. ಬೆಳಗ್ಗೆ ಪ್ರೊಫೆಸರನ ಎದುರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ ಕೂಡ. ಪುಸ್ತಕದಲ್ಲಿ ಡ್ರಾಕುಲಾನ ಹಲ್ಲಿಗಿಂತ ಹೆಚ್ಚು ಮೈ ನಡುಗಿಸುವ ಜಾಗ ಇದು.

ಗಂಡಸರು ಇದರಿಂದ ಪಾಠ ಕಲಿತರೇ? ಇಲ್ಲ. ಮುಂದೆ ಮೀನಾಳ ಸರದಿ. ಟೈಪು ಮಾಡಿ, ದಿನಚರಿಗಳನ್ನೆಲ್ಲ ಜೋಡಿಸಿ, ಡ್ರಾಕುಲಾನ ಜಾಡು ಹಿಡಿದುಕೊಟ್ಟವಳೇ ಅವಳು. ಹೆಂಗಸಿನ ಮನಸ್ಸು ತಡೆಯಲಾರದು ಎಂದು, ಅವಳ ಒಳ್ಳೆಯದಕ್ಕೇ ಎಂದು, ಅವಳನ್ನು ಹೊರಗಿಟ್ಟು ಬೇಟೆಗೆ ಹೊರಡುತ್ತಾರೆ. ಅವರು ಆಚೆ ಹೋಗಿದ್ದಾಗಲೇ ಡ್ರಾಕುಲಾ ಅವಳ ಬಳಿ ಬರುತ್ತಾನೆ. ಹರೆಯದವರಿಗೆ ಇಂಥದ್ದೆಲ್ಲ ಹೇಳಬಾರದು ಎನ್ನುವವರು ‘ಡ್ರಾಕುಲಾ’ವನ್ನೇ ಮೇಲ್ಪಂಕ್ತಿಯಾಗಿ ತೋರಿಸುವುದು ಸೋಜಿಗ. ಆ ಕಾದಂಬರಿ ಮೊದಲಿನಿಂದ ಕೊನೆಯವರೆಗೂ ಹೇಳುತ್ತಿರುವುದು ಅವರ ವಿರುದ್ಧವೇ.

ಕಥೆಯ ಆಚೆಯ ಲೋಕದಲ್ಲಾದರೂ ದೊಡ್ಡವರ ವಿವೇಕ ಗೆದ್ದಿತೇ? ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಹಳ್ಳಿಯಲ್ಲಿ ಬ್ರೌನ್ ಕುಟುಂಬವನ್ನು ಕ್ಷಯ ತಿನ್ನುತ್ತಿತ್ತು. 1883ರಲ್ಲಿ ತಾಯಿ ಹೋದಳು, ಮರುವರ್ಷ ದೊಡ್ಡ ಮಗಳು, 1892ರ ಜನವರಿಯಲ್ಲಿ 19ರ ಮರ್ಸಿ. ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಎದ್ದು ಬಂದು ಇವನನ್ನು ಹೀರುತ್ತಿದ್ದಾರೆ ಎಂದು ನೆರೆಹೊರೆಯವರು ತೀರ್ಮಾನಿಸಿ, ಮಾರ್ಚ್ 17ರಂದು ಹೆಣಗಳನ್ನು ಹೊರತೆಗೆಸಿದರು. ಚಳಿಗಾಲದಲ್ಲಿ ಇಟ್ಟಿದ್ದ ಮರ್ಸಿಯ ದೇಹ ಕೊಳೆತಿರಲಿಲ್ಲ. ಇದು ಕ್ಷಯ, ಬೇರೇನೂ ಅಲ್ಲ ಎಂದು ವೈದ್ಯ ಹೇಳಿದರೂ ಕೇಳದೆ ಅವಳ ಗುಂಡಿಗೆಯನ್ನು ಸುಟ್ಟು, ಬೂದಿಯನ್ನು ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ನ್ಯೂ ಇಂಗ್ಲೆಂಡಿನ ಈ ನಂಬಿಕೆಯ ಬಗ್ಗೆ ಪತ್ರಿಕೆಯೊಂದರಲ್ಲಿ ಬಂದ ವರದಿಯ ತುಣುಕು ಸ್ಟೋಕರನ ಟಿಪ್ಪಣಿಗಳ ನಡುವೆ ಸಿಕ್ಕಿದೆ. ಎಕ್ಸೆಟರಿನಲ್ಲಿ ಈ ಕೆಲಸ ಮಾಡಿದವರು ಯಾರೂ ಹದಿಹರೆಯದವರಲ್ಲ, ಕಾಮಿಕ್ಸ್ ಓದಿದವರೂ ಅಲ್ಲ.

ಕಾಮಿಕ್ಸ್ ಎಂದಾಗ 1954ರ ಗ್ಲಾಸ್ಗೊ ನೆನಪಾಗಲೇಬೇಕು. ಮಕ್ಕಳು ಕೆಡುತ್ತಾರೆ ಎನ್ನುವ ಪಕ್ಷಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿರಲಿಲ್ಲ. ಆ ಊರಿನ ಗೋರ್ಬಲ್ಸ್ ಬಡವರ ಬಡಾವಣೆ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಸೆಪ್ಟೆಂಬರ್ 23ರ ಸಂಜೆ ಅಲ್ಲಿನ ಸದರ್ನ್ ನೆಕ್ರೊಪೊಲಿಸ್ ಸ್ಮಶಾನಕ್ಕೆ ಮಕ್ಕಳು ನೂರುಗಟ್ಟಲೆ ನುಗ್ಗಿದರು. ನಾಲ್ಕು ವರ್ಷದವರಿಂದ ಹದಿನಾಲ್ಕರವರೆಗಿನವರು; ಕೈಯಲ್ಲಿ ದೊಣ್ಣೆ, ಚೂಪು ಗೂಟ, ಅಡುಗೆಮನೆಯ ಚಾಕು, ಜೊತೆಗೆ ನಾಯಿಗಳು. ಏಳು ಅಡಿ ಎತ್ತರದ, ಕಬ್ಬಿಣದ ಹಲ್ಲಿನ ವ್ಯಾಂಪೈರ್ ಒಂದು ಇಬ್ಬರು ಹುಡುಗರನ್ನು ತಿಂದುಬಿಟ್ಟಿದೆ, ಅದನ್ನು ಹಿಡಿಯಬೇಕು. ಸ್ಮಶಾನದ ಹಿಂದೆಯೇ ಡಿಕ್ಸನ್ಸ್ ಬ್ಲೇಜಸ್ ಎಂಬ ಕಬ್ಬಿಣದ ಕಾರ್ಖಾನೆ. ಕುಲುಮೆ ಉರಿದಾಗಲೆಲ್ಲ ಗೋರಿಕಲ್ಲುಗಳ ಮೇಲೆ ಕೆಂಪು ಬೆಳಕು ಹೊಯ್ದಾಡುತ್ತಿತ್ತು. ಪೊಲೀಸರು ಬಂದರು, ಹೆಡ್‌ಮಾಸ್ಟರ್ ಬಂದು ಗದರಿದರು, ಮಳೆಯೂ ಬಂತು, ಮಕ್ಕಳು ಚದುರಿದರು. ಮಾರನೆಯ ರಾತ್ರಿ ಮತ್ತೆ ಬಂದರು. ಊರಲ್ಲಿ ಯಾವ ಹುಡುಗನೂ ಕಾಣೆಯಾಗಿರಲಿಲ್ಲ.

ಇದಕ್ಕೆ ಯಾರು ಕಾರಣ ಎಂದು ದೊಡ್ಡವರು ಯೋಚಿಸುವ ಗೋಜಿಗೇ ಹೋಗಲಿಲ್ಲ. ಅಮೆರಿಕದ ಹಾರರ್ ಕಾಮಿಕ್ಸ್ ಎಂದು ತೀರ್ಪಾಯಿತು. ಉಪಾಧ್ಯಾಯರ ಸಂಘ, ಪಾದ್ರಿಗಳು, ಕಮ್ಯುನಿಸ್ಟರು, ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಒಂದಾದರು. 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು. ಕಬ್ಬಿಣದ ಹಲ್ಲಿನ ವ್ಯಾಂಪೈರಿನ ಕಾಮಿಕ್ ಕಥೆಯೊಂದು 1953ರ ಕೊನೆಯಲ್ಲಿ ಅಮೆರಿಕದಲ್ಲಿ ಬಂದಿದ್ದು ನಿಜ. ಆದರೆ ಕಬ್ಬಿಣದ ಹಲ್ಲಿನ ಮೃಗ ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲೂ ಇದೆ. ಮಲಗದ ಮಕ್ಕಳನ್ನು ಕಬ್ಬಿಣದ ಹಲ್ಲಿನ ಜೆನ್ನಿ ಬಂದು ಕಚ್ಚುತ್ತಾಳೆ ಎಂದು ಹೆದರಿಸುವ ಸ್ಕಾಟಿಷ್ ಪದ್ಯವೂ ಇದೆ. ಅಲೆಕ್ಸಾಂಡರ್ ಆಂಡರ್ಸನ್ ಎಂಬ ಹತ್ತೊಂಬತ್ತನೆಯ ಶತಮಾನದ ಕವಿ ಬರೆದದ್ದು. ಗುಮ್ಮನನ್ನು ತೊಟ್ಟಿಲ ಬಳಿ ತಂದು ನಿಲ್ಲಿಸಿದವರು ದೊಡ್ಡವರು. ಮಕ್ಕಳು ಗುಂಪು ಕಟ್ಟಿಕೊಂಡು ಅದೇ ಗುಮ್ಮನನ್ನು ಹೊಡೆಯಲು ಹೊರಟಾಗ ಮಾತ್ರ ಇವರಿಗೆ ಗಾಬರಿ. ಇನ್ನೊಂದು ವಿಷಯವನ್ನೂ ಯಾರೂ ಗಮನಿಸಲಿಲ್ಲ: ಸತ್ತರೆಂದು ನಂಬಿದ ಇಬ್ಬರು ಅಪರಿಚಿತ ಹುಡುಗರಿಗಾಗಿ ನಾಲ್ಕರ ಮಗುವೂ ದೊಣ್ಣೆ ಹಿಡಿದು ಬಂದಿತ್ತು. ಇದನ್ನು ಕೆಡುವುದು ಎನ್ನುವುದಾದರೆ ಕೆಡದಿರುವುದು ಹೇಗಿರುತ್ತದೋ!

1954ರಲ್ಲೇ ಅಮೆರಿಕದಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬರೆದ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಹೊರಬಂದಿತ್ತು. ಬಾಲಾಪರಾಧಗಳಿಗೂ ಕಾಮಿಕ್ಸ್‌ಗೂ ಆತ ಗಂಟು ಹಾಕಿದ. ಬೆದರಿದ ಪ್ರಕಾಶಕರು ಅಕ್ಟೋಬರಿನಲ್ಲಿ ತಾವೇ ಒಂದು ಸಂಹಿತೆ ಬರೆದುಕೊಂಡು ವ್ಯಾಂಪೈರ್‌ಗಳನ್ನು ಕಾಮಿಕ್ಸ್‌ನಿಂದ ಹೊರಹಾಕಿದರು. ವರ್ಥಮ್‌ನ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2010ರಲ್ಲಿ ಎಲ್ಲರಿಗೂ ತೆರೆದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಅವನ್ನು ಪುಸ್ತಕದೊಡನೆ ಹೋಲಿಸಿ ನೋಡಿದರು. ಮಕ್ಕಳ ಮಾತುಗಳನ್ನು ತಿದ್ದಿದ್ದು, ಒಬ್ಬನದನ್ನು ಇನ್ನೊಬ್ಬನಿಗೆ ಅಂಟಿಸಿದ್ದು, ಅವರ ಬದುಕಿನ ಬೇರೆ ಕಷ್ಟಗಳನ್ನು ಬಿಟ್ಟುಬಿಟ್ಟದ್ದು ಎಲ್ಲ 2012ರ ಅವರ ಪ್ರಬಂಧದಲ್ಲಿ ಬಯಲಾಯಿತು.

ಸಂಹಿತೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1971ರಲ್ಲಿ ಅದನ್ನು ಸಡಿಲಿಸಿದಾಗ ಹಾಕಿದ ಷರತ್ತು ಕೇಳಬೇಕು: ವ್ಯಾಂಪೈರ್ ಬರಬಹುದು, ಆದರೆ ‘ಡ್ರಾಕುಲಾ’ದಂಥ ಉತ್ತಮ ದರ್ಜೆಯ ಸಾಹಿತ್ಯದ ಜಾಡಿನಲ್ಲೇ ಬರಬೇಕು. ಘನ ಪರಂಪರೆ ಒಂದು ಕಡೆ, ಹುಡುಗಾಟ ಇನ್ನೊಂದು ಕಡೆ ಎಂಬ ಇಂದಿನ ವಿಂಗಡಣೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ವಿಮರ್ಶಕರ ಅಭಿರುಚಿಯೆಂದು ಚಲಾವಣೆಯಲ್ಲಿರುವುದರ ಒಳಗೆ ಸೆನ್ಸಾರಿನವರ ರಬ್ಬರ್ ಸ್ಟಾಂಪಿನ ಗುರುತು ಇನ್ನೂ ಉಳಿದಿದೆ.

ಕನ್ನಡದ ಓದುಗರಿಗಂತೂ ಈ ಗಾಬರಿ ಒಪ್ಪುವುದಿಲ್ಲ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ವನ್ನು ಮಕ್ಕಳ ಕೈಗೆ ಕೊಟ್ಟವರು ಅಪ್ಪ ಅಮ್ಮಂದಿರೇ. ಸ್ಮಶಾನ, ಕತ್ತಿ ಹಿಡಿದ ರಾಜ, ಅವನ ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ಶಂಕರ್ ಬರೆದ ಆ ಚಿತ್ರ ಒಂದೆರಡು ತಲೆಮಾರಿನ ಬಾಲ್ಯಕ್ಕೇ ಅಂಟಿಕೊಂಡಿದೆ. ಬೇತಾಳ ರಕ್ತ ಹೀರುವವನಲ್ಲ, ಒಪ್ಪಿದ ಮಾತು. ಆದರೂ ರಿಚರ್ಡ್ ಬರ್ಟನ್ 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ಒಯ್ದಾಗ ಇಟ್ಟ ಹೆಸರು ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’. ಹೆಣ ಹೊರುವ ಕಥೆ ಓದಿ ಬೆಳೆದವರು ಮಕ್ಕಳ ಬ್ಯಾಗಿನಲ್ಲಿ ವ್ಯಾಂಪೈರ್ ಕಾದಂಬರಿ ಕಂಡರೆ ಹೌಹಾರುವುದೇಕೆ?

ಸ್ಟೀಫನ್ ಕಿಂಗ್ 1975ರಲ್ಲಿ ಬರೆದ ‘ಸೇಲಮ್ಸ್ ಲಾಟ್’ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರು. ಮಾರ್ಕ್ ಪೆಟ್ರಿ ಎಂಬ ಹುಡುಗನಿಗೆ ಭೂತಪ್ರೇತಗಳ ಪ್ಲಾಸ್ಟಿಕ್ ಗೊಂಬೆ ಜೋಡಿಸುವ ಹುಚ್ಚು. ಆ ಗೊಂಬೆ ನೋಡಲೆಂದು ಅವನ ಮನೆಗೆ ಹೊರಟ ಗ್ಲಿಕ್ ಅಣ್ಣತಮ್ಮಂದಿರು ದಾರಿಯಲ್ಲೇ ಬಲಿಯಾಗುತ್ತಾರೆ. ಆಮೇಲೊಂದು ರಾತ್ರಿ, ಮಣ್ಣಾಗಿದ್ದ ಡ್ಯಾನಿ ಗ್ಲಿಕ್ ಮಾರ್ಕ್‌ನ ಕಿಟಕಿಯ ಹೊರಗೆ ತೇಲುತ್ತ ಗಾಜು ಕೆರೆಯುತ್ತಾನೆ. ಒಳಗೆ ಕರೆ ಎನ್ನುತ್ತಾನೆ. ಶಾಲೆಯ ಜೊತೆಗಾರ, ಗುರುತಿನ ಮುಖ. ಮಾರ್ಕ್‌ಗೆ ತಾನು ನೋಡುತ್ತಿರುವುದು ಏನೆಂದು ಗೊತ್ತು. ಮೇಜಿನ ಮೇಲೆ ತಾನು ಕಟ್ಟಿದ ಪುಟಾಣಿ ಸ್ಮಶಾನದಿಂದ ಪ್ಲಾಸ್ಟಿಕ್ ಶಿಲುಬೆಯನ್ನು ಕಿತ್ತು, ಮುಷ್ಟಿಯಲ್ಲಿ ಹಿಡಿದು, ಬಂದವನ ಕೆನ್ನೆಗೆ ಒತ್ತುತ್ತಾನೆ. ಅದೇ ಊರಿನ ಡಾಕ್ಟರು, ಮೇಷ್ಟ್ರು, ಪಾದ್ರಿ ಇದನ್ನು ನಂಬಲು ಎಷ್ಟು ಪುಟ ತೆಗೆದುಕೊಳ್ಳುತ್ತಾರೆ, ನಂಬುವ ಹೊತ್ತಿಗೆ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಓದಿಯೇ ತಿಳಿಯಬೇಕು. ಕೊನೆಯವರೆಗೂ ಎದುರು ನಿಂತು ಬದುಕಿ ಊರು ಬಿಡುವವರು ಇಬ್ಬರೇ: ಒಬ್ಬ ಕಾದಂಬರಿಕಾರ, ಇನ್ನೊಬ್ಬ ಈ ಗೊಂಬೆ ಹುಡುಗ.

ಕರೆಯದೆ ಒಳಗೆ ಬರಲಾಗದು ಎಂಬ ನಿಯಮ ನಮ್ಮವರಿಗೂ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆದಿದ್ದವರು ಅದನ್ನು ಬಲ್ಲರು. ಹರೆಯದವರ ವ್ಯಾಂಪೈರ್ ಕಥೆಗಳು ಈ ಹೊಸ್ತಿಲನ್ನು ಎಷ್ಟು ಚೆನ್ನಾಗಿ ಬಳಸಿಕೊಂಡಿವೆ ಎನ್ನುವುದಕ್ಕೆ 1987ರ ‘ದಿ ಲಾಸ್ಟ್ ಬಾಯ್ಸ್’ ಸಿನಿಮಾ ಸಾಕು. ಕಡಲತೀರದ ಊರಿಗೆ ಬಂದ ಅಣ್ಣತಮ್ಮ, ಬೈಕು ಓಡಿಸುವ ವ್ಯಾಂಪೈರ್ ಪುಂಡರು, ಕಾಮಿಕ್ಸ್ ಅಂಗಡಿಯ ಇಬ್ಬರು ಹುಡುಗರು. ಪುಂಡರ ನಾಯಕ ಯಾರೆಂದು ತಮ್ಮನಿಗೂ ಕಾಮಿಕ್ಸ್ ಹುಡುಗರಿಗೂ ಸರಿಯಾದ ಅನುಮಾನವೇ ಬರುತ್ತದೆ: ವಿಡಿಯೊ ಅಂಗಡಿಯ ಸಂಭಾವಿತ ಯಜಮಾನ, ಅಣ್ಣತಮ್ಮಂದಿರ ತಾಯಿಯನ್ನು ಮದುವೆಯಾಗಲು ಹೊರಟವನು. ಊಟಕ್ಕೆ ಬಂದವನಿಗೆ ಬೆಳ್ಳುಳ್ಳಿ ತಿನ್ನಿಸಿ, ಕನ್ನಡಿ ಹಿಡಿದು ನೋಡುತ್ತಾರೆ. ಏನೂ ಆಗುವುದಿಲ್ಲ, ಏಕೆಂದರೆ ಬಾಗಿಲಲ್ಲೇ ನಿಂತು, ನೀನು ಕರೆದರೆ ಮಾತ್ರ ಬರುತ್ತೇನಪ್ಪ ಎಂದು ದೊಡ್ಡ ಹುಡುಗನಿಂದ ಆಹ್ವಾನ ಹೇಳಿಸಿಕೊಂಡೇ ಅವನು ಒಳಗೆ ಬಂದಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯುವ ಈ ಸಂಗತಿ ಹರೆಯದವರಿಗೆ ಬೇಡದ್ದು ಎನ್ನಬಲ್ಲವರು ಯಾರು?

ಸ್ವೀಡನ್ನಿನ ಯೋನ್ ಆಯ್ವಿದೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಬರೆದ ಕಾದಂಬರಿ 2008ರಲ್ಲಿ ‘ಲೆಟ್ ದಿ ರೈಟ್ ಒನ್ ಇನ್’ ಎಂಬ ಸಿನಿಮಾ ಆಯಿತು. ಸ್ಟಾಕ್‌ಹೋಮ್ ಹೊರವಲಯದ ಬ್ಲಾಕೆಬೆರಿ, ಎಂಬತ್ತರ ದಶಕದ ಹಿಮ. ಹನ್ನೆರಡರ ಆಸ್ಕರ್‌ಗೆ ಶಾಲೆಯಲ್ಲಿ ದಿನಾ ಒದೆ. ಪಕ್ಕದ ಮನೆಗೆ ಬಂದ ಏಲಿ ಗೆಳೆತನ ಮಾಡುತ್ತದೆ. ಒಂದು ದಿನ ಆಸ್ಕರ್ ಹುಡುಗಾಟಕ್ಕೆ, ಕರೆಯದೆ ಬಂದರೆ ಏನಾಗುತ್ತೆ ನೋಡೋಣ ಎಂದು, ಬಾ ಎನ್ನದೆ ಸುಮ್ಮನೆ ನಿಲ್ಲುತ್ತಾನೆ. ಏಲಿ ಒಳಗೆ ಬಂದು ನಿಲ್ಲುತ್ತದೆ. ಕಣ್ಣು, ಕಿವಿ, ಚರ್ಮ ಎಲ್ಲ ಕಡೆಯಿಂದ ರಕ್ತ ಜಿನುಗತೊಡಗುತ್ತದೆ. ಹುಡುಗ ಗಾಬರಿಯಾಗಿ ತಬ್ಬಿಕೊಂಡು, ಬಾ, ಬರಬಹುದು ಎನ್ನುತ್ತಾನೆ. ಗೆಳೆತನದಲ್ಲಿ ಚುಚ್ಚಿ ನೋಡುವ ಕ್ರೌರ್ಯ ಇಷ್ಟು ಸರಳವಾಗಿ ಕಾಣಿಸಿದ ದೃಶ್ಯ ‘ಘನ’ ಪರಂಪರೆಯಲ್ಲಿ ಹುಡುಕಿದರೂ ಸಿಗದು.

ಎದುರು ಪಕ್ಷದವರ ದೊಡ್ಡ ಅಸ್ತ್ರ ‘ಟ್ವಿಲೈಟ್’. 2005ರಲ್ಲಿ ಶುರುವಾಗಿ ಹತ್ತು ಕೋಟಿಗೂ ಹೆಚ್ಚು ಪ್ರತಿ ಮಾರಿದ ಸರಣಿ. ಅದು ಸಪ್ಪೆ ಎಂಬುದನ್ನು ಒಪ್ಪೋಣ. ಆದರೆ ಸಪ್ಪೆಯಾದದ್ದು ಹರೆಯದವರಿಂದಲ್ಲ. 1918ರಿಂದ ಹದಿನೇಳರಲ್ಲೇ ನಿಂತ ಎಡ್ವರ್ಡ್ ಯಾರ ಅಪ್ಪಣೆಯೂ ಇಲ್ಲದೆ ಬೆಲ್ಲಾಳ ಕೋಣೆಗೆ ನುಗ್ಗಿ ರಾತ್ರಿಯಿಡೀ ಅವಳು ಮಲಗಿದ್ದನ್ನು ನೋಡುತ್ತ ಕೂರುತ್ತಾನೆ. ಅಲ್ಲಿ ಹೊಸ್ತಿಲೇ ಇಲ್ಲ. ಜೆಸ್ಸಿಕಾ, ಆ್ಯಂಜೆಲಾ ಎಂಬ ಗೆಳತಿಯರಿದ್ದಾರೆ, ಪ್ರೇಮ ಶುರುವಾದ ಮೇಲೆ ಅವರು ಹಿನ್ನೆಲೆಗೆ ಸರಿಯುತ್ತಾರೆ. ಗೆಳೆಯರನ್ನೂ ಭಯವನ್ನೂ ಒಟ್ಟಿಗೆ ತೆಗೆದುಹಾಕಿ, ಶತಾಯುಷಿಯೊಬ್ಬನ ಮದುವೆಯ ಮಾತುಕತೆಯನ್ನು ಉಳಿಸಿಕೊಂಡ ಪುಸ್ತಕ ಅದು. ಅದರ ಸಪ್ಪೆತನಕ್ಕೆ ಹದಿಹರೆಯವನ್ನು ಹೊಣೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಗೆಳೆಯರ ಗುಂಪನ್ನು ನಡುವೆ ಇಟ್ಟುಕೊಂಡು ಬೆಳೆದದ್ದು ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಎಂಬ ಟಿವಿ ಸರಣಿ. 1997ರಿಂದ 2003ರವರೆಗೆ 144 ಕಂತು. ಸನ್ನಿಡೇಲ್ ಎಂಬ ಊರಿನ ಹೈಸ್ಕೂಲನ್ನು ನರಕದ ಬಾಯಿಯ ಮೇಲೆ ಕಟ್ಟಿದ್ದಾರೆ. ಬಫಿ ಎಂಬ ಹುಡುಗಿಗೂ ಅವಳ ಗೆಳೆಯರಿಗೂ ಹಗಲು ಪರೀಕ್ಷೆ, ರಾತ್ರಿ ವ್ಯಾಂಪೈರ್ ಬೇಟೆ, ಶಾಲೆಯ ಲೈಬ್ರರಿಯೇ ಠಾಣ್ಯ. 1999ರ ಜನವರಿಯಲ್ಲಿ ಬಂದ ‘ಜಿಂಜರ್‌ಬ್ರೆಡ್’ ಎಂಬ ಕಂತು ಗೋರ್ಬಲ್ಸಿನ ಹಿರಿಯರಿಗೇ ಬರೆದ ಕಾಗದದಂತಿದೆ. ಆಟದ ಮೈದಾನದಲ್ಲಿ ಎರಡು ಮಕ್ಕಳ ಹೆಣ ಸಿಗುತ್ತದೆ. ಕೆರಳಿದ ತಾಯಂದಿರು ಮಾಟಮಂತ್ರದ ವಿರುದ್ಧ ಸಂಘ ಕಟ್ಟುತ್ತಾರೆ, ಲಾಕರುಗಳನ್ನು ಜಾಲಾಡಿಸುತ್ತಾರೆ, ಲೈಬ್ರರಿಯ ಪುಸ್ತಕಗಳನ್ನು ಹೊತ್ತೊಯ್ಯಿಸುತ್ತಾರೆ. ಕೊನೆಗೆ ಆ ಪುಸ್ತಕಗಳನ್ನೇ ರಾಶಿ ಹಾಕಿ, ಹೆತ್ತ ಮಗಳನ್ನು ಕಂಬಕ್ಕೆ ಕಟ್ಟಿ, ಬೆಂಕಿ ಇಡುತ್ತಾರೆ. ಹೆಣಗಳ ವೇಷದಲ್ಲಿದ್ದದ್ದು ಒಂದು ಪಿಶಾಚಿ. ಅದಕ್ಕೆ ಬೇಕಾದ ಕೆಲಸವನ್ನೆಲ್ಲ ಪಾಲಕರೇ ಮಾಡಿ ಮುಗಿಸಿದ್ದರು.

ಮೂರು ತಿಂಗಳಿಗೆ, ಏಪ್ರಿಲ್ 20ರಂದು, ಅಮೆರಿಕದ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆಯಿತು. ಮರುವಾರ ಬರಬೇಕಿದ್ದ ಬಫಿಯ ಕಂತನ್ನು ವಾಹಿನಿ ತಡೆಹಿಡಿಯಿತು, ಆ ವರ್ಷದ ಕೊನೆಯ ಕಂತನ್ನೂ ಜುಲೈಗೆ ತಳ್ಳಿತು. ಆ ವಾರದ ದುಃಖದಲ್ಲಿ ಅದು ಅರ್ಥವಾಗುವಂಥ ನಿರ್ಧಾರವೇ. ಆದರೆ ತಡೆದ ‘ಇಯರ್‌ಶಾಟ್’ ಏನು ಹೇಳುತ್ತಿತ್ತು? ಬಫಿಗೆ ಇತರರ ಮನಸ್ಸಿನ ಮಾತು ಕೇಳಿಸತೊಡಗುತ್ತದೆ. ನಾಳೆ ಇವರನ್ನೆಲ್ಲ ಕೊಲ್ಲುತ್ತೇನೆ ಎಂಬ ಯೋಚನೆಯೊಂದು ಶಾಲೆಯೊಳಗೇ ಎಲ್ಲಿಂದಲೋ ತೇಲಿಬರುತ್ತದೆ. ಬಫಿಯ ಗೆಳೆಯರು ಸಹಪಾಠಿಗಳನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಾರೆ. ಜೊನಾಥನ್ ಎಂಬ ಒಂಟಿ ಹುಡುಗ ಬಂದೂಕು ಹಿಡಿದು ಗಡಿಯಾರದ ಗೋಪುರ ಹತ್ತಿ ಕೂತಿದ್ದಾನೆ. ಬಫಿ ಹತ್ತಿ ಹೋಗಿ ಅವನ ಪಕ್ಕ ನಿಂತು ಮಾತಾಡಿಸುತ್ತಾಳೆ; ಅವನು ಬಂದಿದ್ದು ತನ್ನನ್ನೇ ಕೊಂದುಕೊಳ್ಳಲು. ಬಂದೂಕನ್ನು ಅವಳ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತಿಗೆ ಕ್ಯಾಂಟೀನಿನಲ್ಲಿ ದೊಡ್ಡವಳೊಬ್ಬಳು, ಶಾಲೆಯ ಅಡುಗೆಯವಳು, ಮಕ್ಕಳ ಮಧ್ಯಾಹ್ನದ ಊಟಕ್ಕೆ ಇಲಿಪಾಷಾಣ ಸುರಿಯುತ್ತಿದ್ದಾಳೆ.